ಮದ್ದೂರಿನ ಪಿನ್‌ಕೋಡ್‌ನಲ್ಲಿ ಕೂತಿರೋ ಏಳು

ಮದ್ದೂರು ಅಂದ ಕೂಡಲೇ ವಡೆ ನೆನಪಾಗೋದು ಸಹಜ. ಇನ್ಮೇಲೆ ಅದರ ಪಿನ್‌ಕೋಡನ್ನೂ ನೆನಪಿಟ್ಕೊಳ್ಳಿ: 571428. ಕ್ಯಾಲ್ಕ್ಯುಲೇಟರ್ ತೆಗೆದು 4ನ್ನು 7ರಿಂದ ಭಾಗಿಸಿ. 0.571428571428... ಮದ್ದೂರು, ಮತ್ತೆ ಮದ್ದೂರು, ಕೊನೆಯೇ ಇಲ್ಲ.

ಇದನ್ನು ಯಾರೂ ಲೆಕ್ಕ ಹಾಕಿ ಕೊಟ್ಟಿದ್ದಲ್ಲ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಪದ್ಧತಿಯಲ್ಲಿ ಮೊದಲ ಮೂರು ಅಂಕಿ ಪ್ರದೇಶಕ್ಕೆ, ಕೊನೆಯ ಮೂರು ಅಂಚೆ ಕಚೇರಿಗೆ. ಮಂಡ್ಯಕ್ಕೆ 571401, ಮಳವಳ್ಳಿಗೆ 571430. ನಡುವೆ ಮದ್ದೂರಿಗೆ ಲಾಟರಿ ಹೊಡೀತು, ಅಷ್ಟೆ.

ಈಗ ಒಂದು ಆಟ. ಕೊನೆಯ 28ನ್ನು ಕಿತ್ತು ಮುಂದಕ್ಕೆ ಹಾಕಿ: 285714. ಇದು ಮದ್ದೂರಿನ ಸರಿಯಾಗಿ ಅರ್ಧ! ಬರೀ 8ನ್ನು ಮುಂದಕ್ಕೆ ತಂದ್ರೆ 857142, ಅಂದ್ರೆ ಒಂದೂವರೆ ಪಟ್ಟು.

ಯಾಕೆ ಹೀಗೆ? ಪ್ರೈಮರಿ ಶಾಲೆಯ ಭಾಗಾಕಾರವನ್ನೇ ಮಾಡಿ ನೋಡಿ. 40ರಲ್ಲಿ ಏಳು ಐದು ಸಲ, ಶೇಷ 5. 50ರಲ್ಲಿ ಏಳು ಸಲ, ಶೇಷ 1. ಹೀಗೇ ಮುಂದುವರಿದ್ರೆ ಶೇಷಗಳು 4, 5, 1, 3, 2, 6, ಆಮೇಲೆ ಮತ್ತೆ 4. ಏಳರಿಂದ ಭಾಗಿಸಿದಾಗ ಬರಬಹುದಾದ ಆರೂ ಶೇಷಗಳು ಒಂದೇ ಸುತ್ತಿನಲ್ಲಿ ಬಂದುಬಿಡ್ತವೆ. 2/7 ಅಂದ್ರೆ ಅದೇ ಸುತ್ತಿಗೆ ಬೇರೆ ಸ್ಟಾಪಿನಲ್ಲಿ ಹತ್ತಿದ ಹಾಗೆ. ಅಂಕಿಗಳು ಅವೇ, ಶುರುವಾಗೋ ಜಾಗ ಮಾತ್ರ ಬೇರೆ. 13ಕ್ಕೆ ಈ ಭಾಗ್ಯ ಇಲ್ಲ: ಅದರ ಹನ್ನೆರಡು ಶೇಷಗಳು ಆರಾರರ ಎರಡು ಸುತ್ತಾಗಿ ಒಡೆದುಹೋಗ್ತವೆ.

ಮದ್ದೂರನ್ನು ಅಪವರ್ತಿಸೋದೂ ಸುಲಭ. 571 + 428 = 999. 1000ವನ್ನು 999ರಿಂದ ಭಾಗಿಸಿದ್ರೆ ಶೇಷ 1 ತಾನೆ, ಹಾಗಾಗಿ ಇಡೀ ಸಂಖ್ಯೆಯೂ 999ರಿಂದ ಭಾಗವಾಗಲೇಬೇಕು. ಪೂರ್ತಿ ಬಿಡಿಸಿದ್ರೆ 2² × 3³ × 11 × 13 × 37. ಮಂಡ್ಯ ಇದಕ್ಕಿಂತ ಸರಿಯಾಗಿ 27 ಕಡಿಮೆ, ಆದ್ದರಿಂದ ಅದೂ 27ರಿಂದ ಭಾಗವಾಗುತ್ತೆ: 3³ × 21163. ಮಳವಳ್ಳಿ 2 × 5 × 57143. ಕೊನೆಯ ಆ ಎರಡು ದೊಡ್ಡ ಸಂಖ್ಯೆಗಳೂ ಅವಿಭಾಜ್ಯ. ನಂಬಿಕೆ ಇಲ್ಲದಿದ್ರೆ ನಾಲ್ಕು ಸಾಲಿನ ಪೈಥಾನ್ ಬರೆದು ನೋಡಿ.

ಈ ಸುತ್ತಿನಲ್ಲಿ ಮುಂದಕ್ಕೆ ಹೋಗೋದು ಸಲೀಸು. ಒಂದು ಶೇಷ ತೋರಿಸಿ 'ಇದು ಎಷ್ಟನೇ ಹೆಜ್ಜೆ?' ಅಂತ ಕೇಳಿದ್ರೆ, 7ಕ್ಕಾದ್ರೆ ಬೆರಳೆಣಿಕೆ ಸಾಕು. ಅದೇ ಸರಿಯಾಗಿ ಆರಿಸಿದ ಆರುನೂರು ಅಂಕಿಯ ಅವಿಭಾಜ್ಯ ಸಂಖ್ಯೆಗೆ ಕೇಳಿದ್ರೆ ಇವತ್ತಿನ ಕಂಪ್ಯೂಟರ್‌ಗಳೂ ಕೈಚೆಲ್ತವೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಈ ಕಷ್ಟವನ್ನೇ ಬೀಗ ಮಾಡ್ಕೊಂಡ್ರು. ಸಿಎಸ್‌ನವರು ಓದೋ ಕೀ ಎಕ್ಸ್‌ಚೇಂಜ್ ಅದೇ.

ಏಳರ ಹಾಗೆ ಒಂದೇ ಸುತ್ತಲ್ಲಿ ಎಲ್ಲ ಮುಗಿಸೋ ಅವಿಭಾಜ್ಯಗಳು ನೂರರೊಳಗೆ ಒಂಬತ್ತು: 7, 17, 19, 23, 29, 47, 59, 61, 97. ಇವುಗಳ ಪಟ್ಟಿ ಎಲ್ಲಾದ್ರೂ ಮುಗಿಯುತ್ತಾ? ಮುಗಿಯಲ್ಲ ಅನ್ನೋದು 1927ರಲ್ಲಿ ಎಮಿಲ್ ಆರ್ಟಿನ್ ಮಾಡಿದ ಊಹೆಯ ಒಂದು ಭಾಗ. 1967ರಲ್ಲಿ ಹೂಲಿ ಅದನ್ನು ಸಾಧಿಸಿದ್ರು, ಆದ್ರೆ ರೀಮನ್ ಊಹೆಯ ವಿಸ್ತೃತ ರೂಪ ಸರಿ ಅಂತ ಒಪ್ಕೊಂಡು. ಆ ಷರತ್ತಿಲ್ಲದ ಸಾಧನೆ ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ.