ಮುಟ್ಟಿ ನೋಡಲಾಗದ ಗಿರಾಕಿಗೆ ಮೊಳಕಾಲ್ಮೂರಿನ ಸೀರೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಯಾಗಲಿ, ನೆರೆಯ ಚಳ್ಳಕೆರೆ ಸೀಮೆಯ ಉಣ್ಣೆ ಕಂಬಳಿಯಾಗಲಿ ಬಹುಕಾಲ ಬಿಕರಿಯಾದದ್ದು ಕೊಳ್ಳುವವರು ಮುಟ್ಟಿ, ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದುಕೊಟ್ಟಿತಾದರೂ, ಕಡಲಾಚೆಯ ಗಿರಾಕಿ ಜಾಲತಾಣವೊಂದರ ಚಿತ್ರವನ್ನಷ್ಟೇ ನೋಡಿ ಹಣ ಕಟ್ಟಲು ಬೇಕಾದ ನಂಬಿಕೆ ರೂಪುಗೊಳ್ಳಲು ಇನ್ನೂ ಹಲವು ವರ್ಷಗಳು ಹಿಡಿದವು.

ಚಿತ್ರಕ್ಕೆ ಸಿಗದಿರುವುದೇ ಇಲ್ಲಿನ ನೇಕಾರಿಕೆಯ ಸತ್ವ. ಕುಣಿಮಗ್ಗದಲ್ಲಿ, ಅಂದರೆ ನೇಕಾರರು ಕಾಲಿಳಿಬಿಟ್ಟು ಕೂರುವ ಗುಂಡಿಯ ಮಗ್ಗದಲ್ಲಿ, ಒಡಲಿಗೊಂದು ಮತ್ತು ಎರಡು ಅಂಚುಗಳಿಗೆ ಒಂದೊಂದರಂತೆ ಮೂರು ಲಾಳಿಗಳು ಓಡಾಡಿ, ಒಡಲಿನ ಬಣ್ಣ ಅಂಚಿನ ಬಣ್ಣವನ್ನು ಸಂಧಿಸುವಲ್ಲಿ ಎಳೆಗೆ ಎಳೆ ಹೆಣೆದುಕೊಳ್ಳುತ್ತದೆ. ಈ ಕೂಡುಗೆರೆಯನ್ನು ಸೀರೆಯ ಒಳಮೈಯಿಂದಲೂ ತೋರಿಸದ ಮಾರಾಟಪುಟ, ಎಷ್ಟೇ ಭಾಷೆಗಳಲ್ಲಿದ್ದರೂ, ಅಪೂರ್ಣವೇ ಸರಿ.

ಕೈಯ ಸ್ಪರ್ಶಕ್ಕೆ ಬದಲಾಗಿ ನಿಂತದ್ದು ಗುರುತುಗಳು. ಒಂದು ಪ್ರದೇಶದ ಹೆಸರನ್ನು ಅಲ್ಲಿಯ ಉತ್ಪನ್ನಕ್ಕಷ್ಟೇ ಮೀಸಲಿಡುವ ಭೌಗೋಳಿಕ ಸೂಚಕಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂತು; ಶುದ್ಧ ರೇಷ್ಮೆಯನ್ನು ದೃಢಪಡಿಸುವ ಸಿಲ್ಕ್ ಮಾರ್ಕ್ 2004ರಲ್ಲಿ ಬಂತು; ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ 2011ರಲ್ಲಿ ದೊರೆಯಿತು. ಆದರೆ ಈ ನೋಂದಣಿಯ ಬಲ ಭಾರತದ ಗಡಿಗೆ ಸೀಮಿತವಾಗಿರುವುದರಿಂದ, ಹೊರದೇಶದಲ್ಲಿ ಇದೇ ಹೆಸರಿನಲ್ಲಿ ಯಂತ್ರದ ಬಟ್ಟೆ ಮಾರುವವರನ್ನು ಅದೊಂದೇ ತಡೆಯಲಾರದು. ಆದ್ದರಿಂದ ಕಾಯ್ದೆಯಡಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ನೇಕಾರರ ಹೆಸರು ಸೀರೆಯ ಪುಟದಲ್ಲೇ ಕಾಣಬೇಕು. ಅದು ಅವರ ದುಡಿಮೆಗೆ ಸಲ್ಲಬೇಕಾದ ಗೌರವವೂ ಹೌದು.

ಇನ್ನು ಸುಂಕದ ಮಾತು. ರಫ್ತು ಮಾಡುವವರಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೀಡುವ ಆಮದು–ರಫ್ತು ಸಂಕೇತ ಸಂಖ್ಯೆ ಬೇಕು. ಸರಕನ್ನು ಸುಂಕಪಟ್ಟಿಯ ಸರಿಯಾದ ಶೀರ್ಷಿಕೆಯಡಿ ನಮೂದಿಸಬೇಕು. ಹೊಲಿಗೆಯಿಲ್ಲದ ರೇಷ್ಮೆ ಸೀರೆ ಭಾರತದ ಪಟ್ಟಿಯಲ್ಲಿ ಉಡುಪಲ್ಲ, 5007ರಡಿಯ ನೇಯ್ದ ಬಟ್ಟೆ. 2022ರಿಂದ ಆರಂಭವಾದ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಈ ಕಾಗದಪತ್ರಗಳ ಕೆಲಸವನ್ನು ಅಂಚೆ ಕಚೇರಿಗೇ ತಂದು ಸಣ್ಣ ಮಾರಾಟಗಾರರ ಹೊರೆ ಇಳಿಸಿದವು. ಆದರೂ ದಾರಿ ಸದಾ ಸುಗಮವಲ್ಲ: 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ನಿಲ್ಲಿಸಿದಾಗ ಭಾರತೀಯ ಅಂಚೆ ಅಲ್ಲಿಗೆ ಬಹುಪಾಲು ಪಾರ್ಸೆಲ್ ಸೇವೆಯನ್ನು ಸ್ಥಗಿತಗೊಳಿಸಿ, ಅಕ್ಟೋಬರ್‌ನಲ್ಲಷ್ಟೇ ಪುನರಾರಂಭಿಸಿತು. ಸುಂಕ ಯಾರ ತಲೆಗೆ ಬೀಳುತ್ತದೆಂಬುದನ್ನು ಹಣ ಕಟ್ಟುವ ಮೊದಲೇ ತಿಳಿಸದ ಅಂಗಡಿಗೆ ಪಾರ್ಸೆಲ್ ಮರಳಿ ಬರುವ ಸಂಭವವೇ ಹೆಚ್ಚು.

ಕಂಬಳಿಗೆ ಬೇಕಾದ ವಿವರಣೆಯೇ ಬೇರೆ. ದಖನಿ ಕುರಿಯ ಒರಟು ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಹಾಸು ಹೂಡುವುದರಿಂದ ಹೊಸ ಕಂಬಳಿ ಬಿರುಸಾಗಿರುತ್ತದೆ. ಮೆತ್ತನೆಯ ಹೊದಿಕೆಯನ್ನಷ್ಟೇ ಕಂಡಿರುವ ಹೊರದೇಶದ ಗಿರಾಕಿ ಈ ಬಿರುಸನ್ನು ದೋಷವೆಂದು ಭಾವಿಸಿ ಹಿಂದಿರುಗಿಸದಂತೆ, ಗಂಜಿಯ ಸಂಗತಿಯನ್ನು ಬೆಲೆಯ ಪಕ್ಕದಲ್ಲೇ ಬರೆಯುವುದು ಅಗತ್ಯ.