ಸಮಾನಾರ್ಥಕ ಪದವಿಟ್ಟರೂ ವಾಕ್ಯ ಕೆಡುವುದೇಕೆ?

ಪ್ರಶ್ನೆ: ಬರಹವೊಂದರ ಪದಗಳನ್ನು ತೆಗೆದು ಅದೇ ಅರ್ಥದ ಬೇರೆ ಪದಗಳನ್ನಿಟ್ಟರೆ ಓದಲು ವಿಕಾರವಾಗುವುದೇಕೆ? (ಓದುಗರು, ಹಚ್ಚೊಳ್ಳಿ, ಸಿರುಗುಪ್ಪ ತಾಲ್ಲೂಕು)

ಶಬ್ದಕ್ಕೆ ಅರ್ಥವೊಂದೇ ಸಂಪತ್ತಲ್ಲ. ನೆರೆಯ ಶಬ್ದಗಳೊಡನೆ ಬಹುಕಾಲದಿಂದ ಬೆಳೆದುಬಂದ ಸಾಹಚರ್ಯವೂ ಅದಕ್ಕುಂಟು. ಜೋಡೆತ್ತುಗಳಲ್ಲಿ ಒಂದನ್ನು ಬಿಚ್ಚಿ, ಬಲದಲ್ಲಿ ಅದಕ್ಕೆ ಸಮನಾದ ಮತ್ತೊಂದನ್ನು ನೊಗಕ್ಕೆ ಹೂಡಿದರೂ, ನಡಿಗೆ ಹೊಂದದಿದ್ದಲ್ಲಿ ಉಳುಮೆಯ ಸಾಲು ಸೊಟ್ಟಗಾಗುವುದನ್ನು ತಮ್ಮ ಸೀಮೆಯ ರೈತರು ಬಲ್ಲರು. ‘ನೀರು’, ‘ಜಲ’ ಎರಡೂ ಒಂದೇ ವಸ್ತುವನ್ನು ಹೇಳುವುವಾದರೂ ‘ಕಣ್ಣೀರು’ ಎಂಬಲ್ಲಿ ಸಂಸ್ಕೃತದ ‘ಜಲ’ವನ್ನಿಡಲಾಗದು. ಕನ್ನಡ ಸಂಸ್ಕೃತಗಳ ಇಂತಹ ಬೆಸುಗೆಯ ವಿಷಯದಲ್ಲಿ 9ನೆಯ ಶತಮಾನದ ಕವಿರಾಜಮಾರ್ಗವೇ ಎಚ್ಚರಿಸಿದೆ. ಈ ಬೆಸುಗೆಯನ್ನೇ ನಮ್ಮ ವೈಯಾಕರಣರು ಅರಿಸಮಾಸವೆಂದರು. 13ನೆಯ ಶತಮಾನದ ಕೇಶಿರಾಜನೂ ರೂಢಿಯಲ್ಲಿ ನೆಲೆನಿಂತ ಕೆಲವಕ್ಕೆ ಮಾತ್ರ ಸಮ್ಮತಿಯಿತ್ತನು.

ಇದಕ್ಕಿಂತ ಘೋರವಾದ ಕೇಡೊಂದಿದೆ. ‘ಹಾಲು ಕರೆದಳು’ ಎಂಬಲ್ಲಿ ಕರೆಯುವುದೆಂದರೆ ಹಿಂಡುವುದು. ಸಮಾನಾರ್ಥಕ ಪದಗಳ ಪಟ್ಟಿಯನ್ನಷ್ಟೇ ನೋಡಿ ಪದ ಬದಲಿಸುವ ಯಂತ್ರವು ನೆರೆಯ ‘ಹಾಲ’ನ್ನು ಗಮನಿಸದೆ ‘ಹಾಲು ಆಹ್ವಾನಿಸಿದಳು’ ಎಂದು ಬರೆದುಬಿಡುತ್ತದೆ. ಸಂದರ್ಭವನ್ನು ಅರಿಯದ ಕೈ ಯಾವುದಾದರೂ, ಮನುಷ್ಯನದಾಗಲಿ ಯಂತ್ರದ್ದಾಗಲಿ, ಭಾಷೆಗೆ ಮಾಡುವ ಗಾಯ ಇಂತಹುದು.

ಹಾಗೆಂದು ಪರ್ಯಾಯಪದಗಳೇ ದೋಷವಲ್ಲ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಬೇಡುವ ನಮ್ಮ ಪ್ರಾಚೀನ ಕಾವ್ಯಕ್ಕೆ ಅವು ಅನಿವಾರ್ಯವಾಗಿದ್ದವು. ಅಭಿನವ ಮಂಗರಾಜನಂಥವರು ನಿಘಂಟುಗಳನ್ನು ಪದ್ಯರೂಪದಲ್ಲಿಯೇ ರಚಿಸಿದರು. ಆದರೆ ಸತ್ಕವಿಯು ಪದವನ್ನು ಬದಲಿಸುವಾಗ ಇಡೀ ಪದ್ಯವನ್ನು ಮತ್ತೊಮ್ಮೆ ತೂಗಿ, ಅಗತ್ಯವಾದರೆ ವಾಕ್ಯದ ಕಟ್ಟನ್ನೇ ಬದಲಿಸುತ್ತಿದ್ದನು.