ಆಟದ ನಡುವೆ ವ್ಯೂಹವನ್ನು ಬದಲಿಸಬಹುದೆ?

ಫುಟ್‌ಬಾಲ್ ಪಂದ್ಯವನ್ನು ನೋಡಿ ಹಿಂದಿರುಗುವಾಗ ಸೋತ ಪಕ್ಷದವರ ಬಾಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಆಟ ಕೆಡುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು, ಶಿಕ್ಷಕರಿಗೆ ಮಾತ್ರ ಕಾಣಲಿಲ್ಲವೆ? ಏಕೆ ಸುಮ್ಮನೆ ನಿಂತಿದ್ದರು?” ನಮ್ಮ ಕಾಲೇಜಿನ ಮೈದಾನದ ಅಂಚಿನಲ್ಲಿ ಈ ಮಾತನ್ನು ನಾನು ಅನೇಕ ಸಲ ಕೇಳಿದ್ದೇನೆ, ಒಂದೆರಡು ಸಲ ಆಡಿಯೂ ಇದ್ದೇನೆ. ಆದರೆ ದೂರುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳುವುದು ನ್ಯಾಯ. ಆಟ ಆರಂಭವಾದಮೇಲೆ ಅದರ ನಡೆಯನ್ನು ತಿದ್ದುವ ಶಕ್ತಿ ಶಿಕ್ಷಕನಿಗೆ, ಎಂದರೆ ಕೋಚ್ ಎನಿಸಿಕೊಳ್ಳುವವನಿಗೆ, ಎಷ್ಟರಮಟ್ಟಿಗೆ ಉಂಟು? ಈ ವಿಷಯವನ್ನು ಇಂದು ಶ್ರೋತೃಗಳ ಮುಂದೆ ವಿಚಾರಕ್ಕೆ ಇಡುತ್ತೇನೆ.

ಮೊದಲು ಈ ಆಟದ ಸ್ವಭಾವವನ್ನು ನೋಡೋಣ. ಕ್ರಿಕೆಟ್ಟಿನಲ್ಲಿ ಒಂದು ಚೆಂಡಿಗೂ ಮತ್ತೊಂದಕ್ಕೂ ನಡುವೆ ಬಿಡುವುಂಟು. ನಾಯಕನು ಕೈಸನ್ನೆಯಿಂದಲೇ ತನ್ನವರ ಸ್ಥಾನಗಳನ್ನು ಬದಲಿಸಬಲ್ಲನು. ಬ್ಯಾಸ್ಕೆಟ್‌ಬಾಲಿನಲ್ಲಿಯೂ ಈಗಿನ ಕಬಡ್ಡಿ ಪಂದ್ಯಗಳಲ್ಲಿಯೂ ಬೇಕೆಂದಾಗ ಆಟವನ್ನು ಕ್ಷಣಕಾಲ ನಿಲ್ಲಿಸಿ ಆಲೋಚನೆ ಮಾಡಲು ಅವಕಾಶವಿದೆ. ಫುಟ್‌ಬಾಲಿನಲ್ಲಿ ಹಾಗಿಲ್ಲ. 45 ನಿಮಿಷಗಳ ಎರಡು ಭಾಗಗಳು; ನಡುವೆ ಹೆಚ್ಚೆಂದರೆ 15 ನಿಮಿಷಗಳ ವಿರಾಮ. ಅಂತರರಾಷ್ಟ್ರೀಯ ಪಂದ್ಯದ ಮೈದಾನದ ಉದ್ದ 100 ಮೀಟರಿಗೆ ಕಡಮೆಯಿಲ್ಲ. ಸಾವಿರಾರು ಜನರ ಕೋಲಾಹಲದಲ್ಲಿ ಈಚೆಯ ಅಂಚಿನಲ್ಲಿ ನಿಂತವನ ಕೂಗು ಆಚೆಯ ಬದಿಯವನ ಕಿವಿಗೆ ಬೀಳುವುದು ದುರ್ಲಭ. ಕುರುಕ್ಷೇತ್ರದಲ್ಲಿ ಕೃಷ್ಣನಿಗೆ ರಥದ ಮೇಲೆ, ಅರ್ಜುನನ ಮುಂದೆಯೇ ಸ್ಥಳವಿತ್ತು. ಈ ಶಿಕ್ಷಕನಿಗೆ ಆ ಭಾಗ್ಯವಿಲ್ಲ. ರಣರಂಗದ ಗೆರೆಯಾಚೆ ನಿಂತೇ ಅವನು ಸಾರಥ್ಯ ಮಾಡಬೇಕು.

ಹೀಗಿದ್ದರೂ ಅವನ ಕೈಯಲ್ಲಿ ಮೂರು ಉಪಾಯಗಳಿವೆ. ಒಂದು, ಅಂಚಿನಿಂದ ಕೊಡುವ ಸೂಚನೆ. ಎರಡು, ವಿರಾಮದಲ್ಲಿ ಆಡುವ ಮಾತು. ಮೂರು, ಒಬ್ಬನನ್ನು ಹೊರಗೆ ಕರೆದು ಮತ್ತೊಬ್ಬನನ್ನು ಒಳಗೆ ಕಳುಹಿಸುವುದು. ಇವುಗಳಲ್ಲಿ ಮೂರನೆಯದೇ ಪ್ರಬಲವಾದದ್ದು. ಆದರೆ ಬಹುಕಾಲ ಇದಕ್ಕೆ ಅವಕಾಶವೇ ಇರಲಿಲ್ಲ. ವಿಶ್ವಕಪ್ ಪಂದ್ಯಗಳಲ್ಲಿ ಬದಲಿ ಆಟಗಾರರಿಗೆ ಅನುಮತಿ ದೊರೆತದ್ದು 1970ರಲ್ಲಿ, ಅದೂ ಇಬ್ಬರಿಗೆ ಮಾತ್ರ. ಮುಂದೆ ಅದು ಮೂವರಿಗೆ ಏರಿ, 2022ರಿಂದ ಐವರವರೆಗೆ ಅನುಮತಿ ಕೊಡುವ ನಿಯಮ ಸ್ಥಿರವಾಗಿದೆ. ದೊಡ್ಡ ಪಂದ್ಯಗಳಲ್ಲಿ ಒಮ್ಮೆ ಹೊರಗೆ ಬಂದವನು ಮತ್ತೆ ಒಳಗೆ ಹೋಗುವಂತಿಲ್ಲ. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯಲಾಗದ ಆಟವಿದು.

ತಿದ್ದಿಕೊಳ್ಳಲಾರದ ಪಕ್ಷದ ಪಾಡು ಏನೆಂಬುದಕ್ಕೆ 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಪಂದ್ಯವೇ ಸಾಕ್ಷಿ. ಬ್ರಿಟಿಷ್ ದ್ವೀಪಗಳ ಹೊರಗಿನ ಯಾವ ತಂಡಕ್ಕೂ ತನ್ನ ನೆಲದಲ್ಲಿ ಸೋಲದಿದ್ದ ಇಂಗ್ಲೆಂಡನ್ನು ಹಂಗೆರಿ ಎದುರಿಸಿತು. ಆಗಿನ ಪದ್ಧತಿಯಂತೆ ಎದುರಾಳಿಯ ಸೆಂಟರ್ ಫಾರ್ವರ್ಡನ್ನು ತಡೆಯುವುದು ಸೆಂಟರ್ ಹಾಫ್ ಆದವನ ಕೆಲಸ. ಆದರೆ ಹಂಗೆರಿಯ ಹಿದೆಗ್‌ಕುಟಿ ಆ ಸ್ಥಾನದವನಾಗಿದ್ದೂ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡಿದನು. ಅವನ ಬೆನ್ನು ಹತ್ತಿ ಹೋದರೆ ಗೋಲಿನ ಮುಂದೆ ಬಯಲಾಗುತ್ತದೆ. ಹೋಗದಿದ್ದರೆ ಅವನಿಗೆ ಅಂಕೆಯಿಲ್ಲ. ಇಂಗ್ಲೆಂಡಿನ ಜಾನ್‌ಸ್ಟನ್ನನಿಗೆ ಈ ತೊಡಕು ಕೊನೆಯವರೆಗೂ ಬಿಡಿಸಲಿಲ್ಲ. ವಿರಾಮದ ವೇಳೆಗೆ 4–2. ಮುಗಿಯುವ ವೇಳೆಗೆ 6–3. ಹಿದೆಗ್‌ಕುಟಿ ಒಬ್ಬನೇ ಮೂರು ಗೋಲುಗಳನ್ನು ಹೊಡೆದಿದ್ದನು. ವಿರಾಮದ ಕೆಲವು ನಿಮಿಷಗಳು ಸಾಲಲಿಲ್ಲವೆಂದರೆ ಒಪ್ಪಬಹುದು. ಆದರೆ ಆರು ತಿಂಗಳ ತರುವಾಯ ಬುಡಾಪೆಸ್ಟಿನಲ್ಲಿ ಮತ್ತೆ ಎದುರಾದಾಗ ಇಂಗ್ಲೆಂಡು 7–1ರಿಂದ ಸೋತಿತು! ಒಂದೇ ಪಾಠವನ್ನು ಬಾಯಿಪಾಠ ಮಾಡಿದವರಿಗೆ ಪ್ರಶ್ನೆ ಬದಲಾದರೆ ಉತ್ತರ ಹೊಳೆಯುವುದಿಲ್ಲ.

ಇನ್ನು, ಬದಲಾಯಿಸಿದ ಮಾತ್ರಕ್ಕೆ ಜಯವೆಂದೂ ತಿಳಿಯಬಾರದು. 1970ರ ಜೂನ್ 14ರಂದು ಮೆಕ್ಸಿಕೋ ದೇಶದ ಲಿಯೋನ್ ನಗರದಲ್ಲಿ, ನಡುಹಗಲಿನ ಉರಿಬಿಸಿಲಿನಲ್ಲಿ ಇಂಗ್ಲೆಂಡು ಪಶ್ಚಿಮ ಜರ್ಮನಿಯ ಮೇಲೆ 2–0ರಿಂದ ಮುಂದಿತ್ತು. ಜರ್ಮನಿಯ ಶಿಕ್ಷಕ ಹೆಲ್ಮುಟ್ ಶ್ಯೋನ್ ದಣಿಯದ ಕಾಲುಗಳ ಗ್ರಾಬೊವ್‌ಸ್ಕಿಯನ್ನು ಒಂದು ಪಕ್ಕದಿಂದ ನುಗ್ಗುವುದಕ್ಕೆ ಕಳುಹಿಸಿದನು. ಅವನನ್ನು ತಡೆಯಬೇಕಾಗಿದ್ದ ಇಂಗ್ಲೆಂಡಿನವನು ಆಗಲೇ ಬಳಲಿದ್ದನು. ಇತ್ತ ಇಂಗ್ಲೆಂಡಿನ ಆಲ್ಫ್ ರ‍್ಯಾಮ್ಸೆ, ಮುಂದಿನ ಪಂದ್ಯಕ್ಕೆ ಶಕ್ತಿ ಉಳಿಯಲೆಂದು 32 ವರ್ಷದ ಬಾಬಿ ಚಾರ್ಲ್‌ಟನ್ನನನ್ನು ಹೊರಗೆ ಕರೆದನು. ಕಡೆಗೆ ಹೆಚ್ಚುವರಿ ಕಾಲದಲ್ಲಿ ಜರ್ಮನಿ 3–2ರಿಂದ ಗೆದ್ದಿತು. ಚಾರ್ಲ್‌ಟನ್ನನನ್ನು ತೆಗೆದದ್ದೇ ಸೋಲಿಗೆ ಕಾರಣವೆಂದು ಜನ ಅಂದಿನಿಂದ ಹೇಳುತ್ತ ಬಂದಿದ್ದಾರೆ. ಆದರೆ ಬೆಕೆನ್‌ಬೌರ್ ಜರ್ಮನಿಯ ಮೊದಲ ಗೋಲನ್ನು ಹೊಡೆದಾಗ ಚಾರ್ಲ್‌ಟನ್ ಇನ್ನೂ ಮೈದಾನದಲ್ಲಿಯೇ ಇದ್ದನು. ಇಂಗ್ಲೆಂಡಿನ ಪ್ರಸಿದ್ಧ ಗೋಲ್‌ಕೀಪರ್ ಬ್ಯಾಂಕ್ಸ್ ಅಸ್ವಸ್ಥನಾಗಿ ಅಂದು ಆಡಿರಲೇ ಇಲ್ಲ. ಫಲವನ್ನು ಕಂಡಮೇಲೆ ಕಾರಣವನ್ನು ಒಬ್ಬನ ತಲೆಗೆ ಕಟ್ಟುವುದು ಸುಲಭ. ಗೆದ್ದೆತ್ತಿನ ಬಾಲ ಹಿಡಿಯುವ ಜನ, ಬಿದ್ದ ಎತ್ತಿನ ಕೊಂಬು ಎಣಿಸುವುದನ್ನೂ ಬಿಡುವುದಿಲ್ಲ.

ಹಾಗಾದರೆ ತಿದ್ದಿ ಗೆದ್ದವರು ಇಲ್ಲವೆ? ಇದ್ದಾರೆ. 2005ರ ಮೇ 25ರಂದು ಇಸ್ತಾಂಬುಲ್ ನಗರದಲ್ಲಿ ಯೂರೋಪಿನ ಸಂಘಗಳ ಅಂತಿಮ ಪಂದ್ಯ ನಡೆಯಿತು. ವಿರಾಮದ ವೇಳೆಗೆ ಇಟಲಿಯ ಮಿಲಾನ್ 3–0ರಿಂದ ಮುಂದಿತ್ತು. ಲಿವರ್‌ಪೂಲಿನ ಶಿಕ್ಷಕ ಬೆನಿತೆಜ್, ತ್ರಾವೊರೆ ಎಂಬ ರಕ್ಷಕನನ್ನು ತೆಗೆದು ಹಾಮಾನನನ್ನು ಒಳಗೆ ಬಿಡುವುದೆಂದು ನಿಶ್ಚಯಿಸಿದನು. ಅಷ್ಟರಲ್ಲಿ ಫಿನ್ನನ್ ಎಂಬ ಮತ್ತೊಬ್ಬ ರಕ್ಷಕನಿಗೆ ನೋವಾಗಿದೆಯೆಂದು ತಿಳಿಯಿತು. ತಿದ್ದುಪಡಿಯನ್ನೇ ತಿದ್ದಿ ತ್ರಾವೊರೆಯನ್ನು ಉಳಿಸಿಕೊಂಡು ಫಿನ್ನನನನ್ನು ಕೂರಿಸಬೇಕಾಯಿತು. ರಕ್ಷಕರು ನಾಲ್ವರ ಬದಲು ಮೂವರಾದರು. ಮಿಲಾನಿನ ಕಾಕಾ ಯಾವ ಬಯಲಿನಲ್ಲಿ ಓಡಾಡುತ್ತಿದ್ದನೋ ಅಲ್ಲಿ ಹಾಮಾನ್ ನಿಂತನು. ಅದರಿಂದ ನಾಯಕ ಜೆರಾರ್ಡನಿಗೆ ಮುಂದಕ್ಕೆ ನುಗ್ಗಲು ಬಿಡುವಾಯಿತು. 54ನೆಯ ನಿಮಿಷದಿಂದ 60ನೆಯ ನಿಮಿಷದೊಳಗೆ ಮೂರು ಗೋಲುಗಳು ಬಂದವು; ಮೊದಲನೆಯದು ಜೆರಾರ್ಡನದೇ. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಲಿವರ್‌ಪೂಲ್ ಗೆದ್ದಿತು. ಇದರಲ್ಲಿ ಅದೃಷ್ಟದ ಪಾಲೂ ಇರಬಹುದು. ಆದರೆ ಅಷ್ಟು ಅಲ್ಪ ಸಮಯದಲ್ಲಿ ಹೇಳಿದ್ದನ್ನು ಆ ಆಟಗಾರರು ಗ್ರಹಿಸಿ ನಡೆಸಿದರಲ್ಲ, ಅದು ಅದೃಷ್ಟವಲ್ಲ, ಅಭ್ಯಾಸ.

ಇದೇ ಮಾತನ್ನು ಮತ್ತೊಂದು ನಿದರ್ಶನ ಸ್ಪಷ್ಟಪಡಿಸುತ್ತದೆ. 2014ರ ವಿಶ್ವಕಪ್ಪಿನಲ್ಲಿ, ಕೋಸ್ಟಾರಿಕಾದ ವಿರುದ್ಧ, ಹೆಚ್ಚುವರಿ ಕಾಲದ ಕಟ್ಟಕಡೆಯ ಗಳಿಗೆಯಲ್ಲಿ ಹಾಲೆಂಡಿನ ಶಿಕ್ಷಕ ವಾನ್ ಗಾಲ್ ತನ್ನ ಗೋಲ್‌ಕೀಪರನನ್ನೇ ಬದಲಿಸಿದನು. ಹೊಸದಾಗಿ ಬಂದ ಕ್ರುಲ್ ಎರಡು ಪೆನಾಲ್ಟಿಗಳನ್ನು ತಡೆದನು, ಹಾಲೆಂಡು ಗೆದ್ದಿತು. ನೋಡಿದವರಿಗೆ ಅದು ಆ ಕ್ಷಣದ ಸ್ಫೂರ್ತಿಯಂತೆ ಕಂಡಿತು. ವಾಸ್ತವವಾಗಿ ಅಂಥ ಸಂದರ್ಭ ಒದಗಬಹುದೆಂದು ಪಂದ್ಯಕ್ಕೆ ಮೊದಲೇ ಕ್ರುಲನಿಗೆ ತಿಳಿಸಲಾಗಿತ್ತು. ನಾಲ್ಕು ದಿನಗಳ ಮೇಲೆ ಅರ್ಜೆಂಟೀನದೊಡನೆ ಆಡುವಾಗ ಮತ್ತೆ ಪೆನಾಲ್ಟಿಯ ಪ್ರಸಂಗವೇ ಬಂದಿತು. ಆ ವೇಳೆಗೆ ಮೂವರು ಬದಲಿಗಳೂ ಮುಗಿದಿದ್ದರು, ಕ್ರುಲ್ ಹೊರಗೇ ಕುಳಿತಿದ್ದನು, ಹಾಲೆಂಡು ಸೋತಿತು. ಶಿಕ್ಷಕ ಅವನೇ, ಉಪಾಯವೂ ಅದೇ. ಬಾಗಿಲು ಮಾತ್ರ ಮುಚ್ಚಿತ್ತು.

ಈಗ ನಮ್ಮ ಪ್ರಶ್ನೆಗೆ ಉತ್ತರ ಹೇಳಬಹುದು. ಆಟದ ನಡುವೆ ವ್ಯೂಹವನ್ನು ಬದಲಿಸುವುದು ಸಾಧ್ಯ. ಆದರೆ ಮೊದಲೇ ಕಲಿಸಿದ ವ್ಯೂಹಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸರಿಯುವುದಷ್ಟೇ ಸಾಧ್ಯ. ಹೊಸದನ್ನು ಅಲ್ಲಿಯೇ ಸೃಷ್ಟಿಸಿ ಕಲಿಸುತ್ತೇನೆಂಬುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆಯೇ ಸರಿ. ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ನಿರ್ಗಮನದ ಪಾಠ ಹೇಳುವವರು ಯಾರಿದ್ದರು?

ಕೆಲವು ವರ್ಷಗಳ ಕೆಳಗೆ ನಮ್ಮ ಹುಡುಗರು ಒಂದು ಪಂದ್ಯವನ್ನು ಸೋತ ಸಂಜೆ, ನಾನು ಅವರ ಶಿಕ್ಷಕರನ್ನು ಸ್ವಲ್ಪ ಒರಟಾಗಿಯೇ ಕೇಳಿದೆ: “ವಿರಾಮವಾದ ಮೇಲಾದರೂ ಆಟವನ್ನು ಬದಲಿಸಬಾರದಾಗಿತ್ತೆ?” ಅವರು ಕೋಪಿಸಿಕೊಳ್ಳಲಿಲ್ಲ. “ಸ್ವಾಮಿ, ತರಗತಿಗಳು ಮುಗಿದಮೇಲೆ ಕತ್ತಲಾಗುವವರೆಗೆ ನನಗೆ ದೊರೆಯುವುದು ಮುಕ್ಕಾಲು ಗಂಟೆ. ಅದರಲ್ಲಿ ಒಂದು ಬಗೆಯ ಆಟವನ್ನು ಕಲಿಸಿದ್ದೇನೆ. ಕಲಿಸದೆ ಇದ್ದದ್ದನ್ನು ಮಕ್ಕಳಿಂದ ಯಾವ ಬಾಯಲ್ಲಿ ಕೇಳಲಿ?” ಎಂದರು. ನಾನು ಉತ್ತರ ಕೊಡಲಾರದೆ ಹೋದೆ. ನಾನೂ ಪಾಠ ಹೇಳುವವನೇ. ಪರೀಕ್ಷೆಯ ದಿನ ಕೊಠಡಿಯ ಹೊರಗೆ ನಿಂತಾಗ ನನ್ನ ಕೈಯಲ್ಲಿ ಏನಿದೆಯೆಂಬುದು ನನಗೆ ಗೊತ್ತು. ವರ್ಷವೆಲ್ಲ ಒಂದೇ ಬಗೆಯ ಪ್ರಶ್ನೆಗೆ ಒಂದೇ ಬಗೆಯ ಉತ್ತರವನ್ನು ಬರೆಯಿಸಿ, ಆ ದಿನ ಅವರು ಸ್ವಂತ ಬುದ್ಧಿಯಿಂದ ಬರೆಯಲಿ ಎಂದು ಹಾರೈಸುವುದು ಎಷ್ಟರಮಟ್ಟಿಗೆ ನ್ಯಾಯ?

ಮುಂದಿನ ಸಲ ಅಂಚಿನಲ್ಲಿ ಸುಮ್ಮನೆ ನಿಂತ ಶಿಕ್ಷಕನನ್ನು ಕಂಡಾಗ ಅವನನ್ನು ದೂರಲೂ ಬೇಡಿ, ಸಮರ್ಥಿಸಲೂ ಬೇಡಿ. ಅವನ ಆಟಗಾರರಿಗೆ ಎಷ್ಟು ಬಗೆಯ ಆಟ ಬರುತ್ತದೆಂದು ನೋಡಿರಿ. ಅದನ್ನು ಕಲಿಸಲು ಅವನಿಗೆ ನಾವು ಎಷ್ಟು ಹೊತ್ತು ಕೊಟ್ಟಿದ್ದೆವೆಂದೂ ಕೇಳಿಕೊಳ್ಳಿರಿ.